ತೂಕಡಿಸಿದರೆ ತಲೆ ಯಾಕೆ ಬೀಳುತ್ತದೆ?

ಪ್ರಶ್ನೆ: ಬಸ್ಸಿನಲ್ಲಿ ತೂಕಡಿಸಿದ ಕೂಡಲೇ ತಲೆ ಪಕ್ಕದವರ ಹೆಗಲಿಗೆ ಬೀಳುತ್ತದೆ. ಎಚ್ಚರವಿದ್ದಾಗ ನಾವೇನೂ ಬೇಕೆಂದೇ ತಲೆ ಎತ್ತಿ ಹಿಡಿದಿರುವುದಿಲ್ಲವಲ್ಲ? ಮತ್ತೆ, ಜೀವ ಹೋಗಿ ಶಕ್ತಿಯೆಲ್ಲ ಖಾಲಿಯಾದ ಮೇಲೂ ಹೆಣ ಸೆಟೆದುಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಹಿಡಿದಿರುವುದು ನಿಮ್ಮ ಕತ್ತಿನ ಸ್ನಾಯುಗಳೇ. ನಿಮ್ಮನ್ನು ಕೇಳುವುದಿಲ್ಲ, ಅಷ್ಟೇ. ದೊಡ್ಡವರ ತಲೆ ನಾಲ್ಕೈದು ಕಿಲೋ ತೂಗುತ್ತದೆ. ಆ ಭಾರ ಕತ್ತಿನ ಕೀಲಿಗಿಂತ ಸ್ವಲ್ಪ ಮುಂದಕ್ಕಿದೆ. ಸುಮ್ನೆ ಬಿಟ್ಟರೆ ಗದ್ದ ಎದೆಗೆ ತಾಗಬೇಕು. ತಲೆ ಒಂಚೂರು ಬಾಗಿದರೂ ಹಿಂದಿನ ಸ್ನಾಯು ಹಿಗ್ಗುತ್ತದೆ. ಅದರೊಳಗೇ ಹುದುಗಿರುವ ಮಸಲ್ ಸ್ಪಿಂಡಲ್ ಎಂಬ ಸಣ್ಣ ಅಂಗಗಳು ತಕ್ಷಣ ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಅದೇ ಸ್ನಾಯುವಿಗೆ 'ಎಳೆ' ಎಂಬ ಆಜ್ಞೆ ವಾಪಸ್ ಬರುತ್ತದೆ. ಡಾಕ್ಟರು ಮಂಡಿಯ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವುದೂ ಇದೇ ದಾರಿಯಲ್ಲಿ. ನಿದ್ದೆ ಹತ್ತಿದರೆ ಮಿದುಳು ಈ ಬಿಗುವನ್ನು ಸಡಿಲಿಸುತ್ತದೆ, ತಲೆ ವಾಲುತ್ತದೆ.

ಹಾಗಂತ ಎಲ್ಲ ಸ್ನಾಯುಗಳೂ ಸದಾ ದುಡಿಯುತ್ತಿರುತ್ತವೆ ಅಂದುಕೊಳ್ಳಬೇಡಿ. ತೋಳನ್ನು ಮೇಜಿನ ಮೇಲೆ ಪೂರ್ತಿ ಸಡಿಲ ಬಿಟ್ಟಾಗ ಸ್ನಾಯುವಿಗೆ ಸೂಜಿ ಹಾಕಿ ಪರೀಕ್ಷಿಸಿದರೆ ವಿದ್ಯುತ್ ಚಟುವಟಿಕೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಆಗ ಕೈಗೆ ಸಿಗುವ ಬಿಗು, ರಬ್ಬರಿನಂತೆ ಹಿಗ್ಗಿ ಕುಗ್ಗುವ ಮಾಂಸದ ಸ್ವಂತ ಗುಣದ್ದು.

ನಿಮ್ಮ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ಸ್ನಾಯುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಎಳೆಗಳಿವೆ. ಎಳೆಗಳೇ ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಇದನ್ನು 1954ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಹೇಳಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್ಲಿ. (ಹೆಸರು ಒಂದೇ, ಇಬ್ಬರೂ ನೆಂಟರಲ್ಲ!) ನರದ ಸಂಕೇತ ಬಂದಾಗ ಸ್ನಾಯುಕೋಶದ ಚೀಲಗಳಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ. ಆಗ ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ಹಿಡಿದು ಎಳೆದು, ಬಿಟ್ಟು, ಮುಂದೆ ಹಿಡಿಯುತ್ತವೆ. ಬಾವಿಯಿಂದ ನೀರು ಸೇದುವಾಗ ಹಗ್ಗದ ಮೇಲೆ ಕೈ ಬದಲಿಸುತ್ತೇವಲ್ಲ, ಹಾಗೆ.

ಇಲ್ಲಿ ಗಮನಿಸಬೇಕಾದ್ದು, ಹಿಡಿತ ಬಿಡಲೂ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು, ಬೇಕು. ಸತ್ತ ಮೇಲೆ ಅದು ಖಾಲಿ. ಕ್ಯಾಲ್ಸಿಯಂ ಮಾತ್ರ ಸೋರುತ್ತಲೇ ಇರುತ್ತದೆ. ಹಿಡಿದ ತಲೆಗಳು ಹಿಡಿದಂತೆಯೇ ಉಳಿಯುತ್ತವೆ. ಅಂದರೆ ಹೆಣ ಸೆಟೆಯುವುದು ಶಕ್ತಿ ಖಾಲಿಯಾದ ಮೇಲೂ ಅಲ್ಲ, ಖಾಲಿಯಾದ್ದರಿಂದಲೇ. ಕೆಲವು ಗಂಟೆಗಳಲ್ಲಿ ದವಡೆ, ಕತ್ತಿನಲ್ಲಿ ಮೊದಲು ಕಾಣಿಸಿಕೊಂಡು, ಸ್ನಾಯುವೇ ಕೊಳೆಯತೊಡಗಿದಾಗ ಸಡಿಲಾಗುತ್ತದೆ. ಸೆಕೆ ಜಾಸ್ತಿ ಇದ್ದರೆ ಎರಡೂ ಬೇಗ. ಅದಕ್ಕೇ ಮರಣೋತ್ತರ ಪರೀಕ್ಷೆ ಮಾಡುವವರು ಸೆಟೆತವೊಂದನ್ನೇ ನೋಡಿ ಸಾವಿನ ಹೊತ್ತು ಹೇಳುವುದಿಲ್ಲ.