ಆಮೆ ಮರಿಯ ಕಣ್ಣು ಊದಿದೆ, ವಿಟಮಿನ್ ಎ ಗೆ ಮೀನೆಣ್ಣೆ ಗುಳಿಗೆ ಹಾಕಬಹುದಾ?

ಬೇಡ. ನೀರಿಗೂ ಬೇಡ, ಬಾಯಿಗೂ ಬೇಡ, ಕಣ್ಣಿಗಂತೂ ಬೇಡವೇ ಬೇಡ.

ನೀವು ಬರೆದಿರುವ ಪ್ರಕಾರ ನಿಮ್ಮದು ಕೆನ್ನೆಯಲ್ಲಿ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್ ಮರಿ. ತಂದಾಗಿನಿಂದ ಒಣ ಸಿಗಡಿ ಬಿಟ್ಟು ಬೇರೇನೂ ತಿಂದಿಲ್ಲ. ಈಗ ಎರಡೂ ಕಣ್ಣು ಊದಿ ಮುಚ್ಚಿವೆ, ಊಟ ಬಿಟ್ಟಿದೆ. ಅಂಗಡಿಯವರು ವಿಟಮಿನ್ ಎ ಕಮ್ಮಿಯಾಗಿದೆ, ಮೀನೆಣ್ಣೆ ಗುಳಿಗೆ ಚುಚ್ಚಿ ತೊಟ್ಟಿಗೆ ಬಿಡಿ ಅಂದಿದ್ದಾರೆ. ಅವರ ಊಹೆ ಸರಿ ಇರಬಹುದು. ಹೇಳಿದ ಮದ್ದು ಸರಿಯಿಲ್ಲ. ನಾನು ಡಾಕ್ಟರ್ ಅಲ್ಲ, ಇದೇ ಜಾತಿಯ ಆಮೆ ಸಾಕುತ್ತಿರುವವನು ಅಷ್ಟೇ.

ವಿಟಮಿನ್ ಎ ಕಮ್ಮಿಯಾದರೆ ಕಣ್ಣು, ಮೂಗು, ಕಿವಿ, ಉಸಿರಿನ ದಾರಿ ಎಲ್ಲದರ ಒಳಪದರ ಕೆಡುತ್ತದೆ. ಒದ್ದೆಯಾಗಿ ಮೆತ್ತಗಿರಬೇಕಾದ ಪದರ ಒರಟಾಗಿ ಉದುರತೊಡಗುತ್ತದೆ. ಆ ಉದುರು ಕಣ್ಣೀರಿನ ಗ್ರಂಥಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು ರೆಪ್ಪೆ ಊದುತ್ತದೆ. ಆಮೆ ಊಟ ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಕಣ್ಣು ಮುಚ್ಚಿದರೆ ಊಟ ನಿಂತಿತು, ಊಟ ನಿಂತರೆ ವಿಟಮಿನ್ ಇನ್ನೂ ಇಳಿಯಿತು. ಹಾಗಾಗಿ ಈ ಹಂತದಲ್ಲಿ ಕ್ಯಾರೆಟ್ ಹಾಕಿ ಕಾಯುತ್ತಾ ಕೂತರೆ ಆಗುವುದಿಲ್ಲ, ಡಾಕ್ಟರ್ ಬೇಕು. ಹೋಗುವ ಮೊದಲು ಫೋನ್ ಮಾಡಿ, ಆಮೆ ನೋಡ್ತೀರಾ ಅಂತ ಕೇಳಿಕೊಳ್ಳಿ. ನಾಯಿ, ಬೆಕ್ಕು ಮಾತ್ರ ನೋಡುವವರೇ ಜಾಸ್ತಿ. ಕೊಳಕು ನೀರಿನಿಂದಲೂ, ಸೋಂಕಿನಿಂದಲೂ ಕಣ್ಣು ಊದುತ್ತದೆ. ಕೈಯಲ್ಲಿ ಹಿಡಿದು ನೋಡದೆ ಇದೇ ಕಾರಣ ಅನ್ನಲು ಬರುವುದಿಲ್ಲ. ಕಣ್ಣಿನ ಹಿಂದೆ, ತಲೆಯ ಪಕ್ಕದಲ್ಲಿ ಗಂಟು ಕಂಡರೆ ತಡ ಮಾಡಬೇಡಿ. ಅದು ಕಿವಿಯೊಳಗಿನ ಕೀವು ಆಗಿರಬಹುದು. ಆಮೆಯ ಕೀವು ನಮ್ಮದರಂತೆ ನೀರಾಗಿರುವುದಿಲ್ಲ, ಪನೀರಿನ ಥರ ಗಟ್ಟಿ. ಸಾಮಾನ್ಯವಾಗಿ ಕುಯ್ದೇ ತೆಗೆಯಬೇಕಾಗುತ್ತದೆ.

ಇನ್ನು ಮೀನೆಣ್ಣೆ. ಅದರಲ್ಲಿ ಎರಡು ಬಗೆ. ಒಮೇಗಾ-3 ಅಂತ ಮಾರುವ ಗುಳಿಗೆಯಲ್ಲಿ ವಿಟಮಿನ್ ಎ ಹೆಚ್ಚುಕಮ್ಮಿ ಇರುವುದೇ ಇಲ್ಲ, ಹಾಕಿದರೂ ದಂಡ. ಮೀನಿನ ಲಿವರ್‌ನಿಂದ ತೆಗೆದ ಎಣ್ಣೆಯಲ್ಲಿ ಎ ಜೊತೆಗೆ ಡಿ ಕೂಡ ಇರುತ್ತದೆ, ಅಪಾಯ ಇರುವುದು ಅಲ್ಲಿ. ನೀರಿಗೆ ಬಿಟ್ಟರೆ ಎಣ್ಣೆ ಮೇಲೆ ತೇಲುತ್ತದೆ. ನೀರು ಕೆಡುತ್ತದೆ, ಮರಿಯ ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಕುಡಿಸುವ ವಿಟಮಿನ್ ಎ ಸಿರಪ್ ಗೊತ್ತಲ್ವಾ? ಅದರ 1 ಮಿಲಿಯಲ್ಲಿ 1 ಲಕ್ಷ ಐಯು (ವಿಟಮಿನ್ ಅಳೆಯುವ ಮಾನ) ಇರುತ್ತದೆ, ಅಂದರೆ ಒಂದು ಹನಿಯಲ್ಲೇ ಸುಮಾರು 5 ಸಾವಿರ. 100 ಗ್ರಾಂ ತೂಗುವ ಮರಿಗೆ ಡಾಕ್ಟರ್ ಕೊಡುವುದು ಕೆಲವೇ ನೂರು ಐಯು. ಜಾಸ್ತಿಯಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ. ಎ ಹಾಗಲ್ಲ, ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ. ಮಿತಿ ಮೀರಿದರೆ ಚರ್ಮ ಒಣಗಿ ಸುಲಿದು, ಒಳಗಿನ ಹಸಿ ಮಾಂಸ ಕಾಣುವ ಮಟ್ಟಕ್ಕೆ ಹೋಗುತ್ತದೆ. ಇದು ಹೆಚ್ಚಾಗಿ ಆಗುವುದು ಇಂಜೆಕ್ಷನ್‌ನಿಂದ. ಅದಕ್ಕೇ ಡಾಕ್ಟರ್ ಸೂಜಿ ತೆಗೆದರೆ, ಬಾಯಿಂದ ಕೊಡಲು ಆಗುತ್ತದೆಯೇ ಅಂತ ಧೈರ್ಯವಾಗಿ ಕೇಳಿ. ತೂಕ ನೋಡದೆ ಚುಚ್ಚಲು ಬಿಡಬೇಡಿ.

ಕಣ್ಣು ತೆರೆದು ತಿನ್ನತೊಡಗಿದ ಮೇಲಿನ ಕೆಲಸ ನಿಮ್ಮದು, ಅದು ಸುಲಭ. ತರಕಾರಿ, ಸೊಪ್ಪಿನಲ್ಲಿ ಇರುವುದು ವಿಟಮಿನ್ ಎ ಅಲ್ಲ, ಬೀಟಾ ಕ್ಯಾರೋಟಿನ್. ಸ್ಲೈಡರ್‌ನಂಥ ಮಿಶ್ರಾಹಾರಿಗಳ ಮೈ ಅದನ್ನು ಬೇಕಾದಷ್ಟೇ ಎ ಮಾಡಿಕೊಳ್ಳುತ್ತದೆ. ಮಿಕ್ಕಿದ್ದರಿಂದ ವಿಷವಾಗುವುದಿಲ್ಲ. ಸುರಕ್ಷಿತ ದಾರಿ ಅಂತ ಇರುವುದು ಇದೇ. ನುಗ್ಗೆ ಸೊಪ್ಪು ನನ್ನ ಮೊದಲ ಆಯ್ಕೆ, ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಸಿಹಿಗುಂಬಳ, ಕ್ಯಾರೆಟ್ ತುರಿ ಆಗಬಹುದು. ಗೆಣಸು ಕೊಡುವುದಾದರೆ ಒಳಗೆ ಕೇಸರಿ ಬಣ್ಣದ್ದು ಹುಡುಕಿ. ಸಂತೆಯಲ್ಲಿ ಸಿಗುವ ಬಿಳಿ ತಿರುಳಿನ ಗೆಣಸಿನಲ್ಲಿ ಕ್ಯಾರೋಟಿನ್ ತೀರಾ ಕಮ್ಮಿ. ಸೌತೆಕಾಯಿ, ಎಲೆಕೋಸು ಹೊಟ್ಟೆ ತುಂಬಿಸುತ್ತವೆ, ಅಷ್ಟೇ. ಪಾಲಕ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ದಿನಾ ಬೇಡ. ದನಕ್ಕೆ ಹಾಕುವ, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಸಸ್ಯ ಒಂದು ಬಕೆಟ್‌ನಲ್ಲಿ ಬೆಳೆಸಿಕೊಂಡರೆ ಬಹಳ ಅನುಕೂಲ.

ಮುಖ್ಯ ಊಟ ಆಮೆಯದೇ ಪೆಲೆಟ್ (ಅಂಗಡಿಯಲ್ಲಿ ಸಿಗುವ ಕಾಳಿನಂಥ ಸಿದ್ಧ ಆಹಾರ) ಆಗಿರಲಿ, ಮೀನಿನದ್ದಲ್ಲ. ಗಾಳಿ, ಬೆಳಕು, ಬಿಸಿಗೆ ವಿಟಮಿನ್ ಎ ಹಾಳಾಗುತ್ತದೆ. ಅದಕ್ಕೆ ಕವರ್‌ಗೆ ತುಂಬಿ ಕೊಡುವ ಲೂಸ್ ಪೆಲೆಟ್ ತರಬೇಡಿ. ಚಿಕ್ಕ ಡಬ್ಬಿ ತಂದು ಕೆಲವೇ ತಿಂಗಳಲ್ಲಿ ಮುಗಿಸಿ. ಮರಿಗೆ ಹದಿನೈದು ದಿನಕ್ಕೊಮ್ಮೆ ಅವರೆಕಾಳಿಗಿಂತ ಚಿಕ್ಕ ಕೋಳಿ ಲಿವರ್ ತುಂಡು ಕೊಡಬಹುದು. ಒಂದು ಗ್ರಾಂನಲ್ಲಿ ಸುಮಾರು 110 ಐಯು ಇರುತ್ತದೆ. ಕುರಿಯ ಲಿವರ್‌ನಲ್ಲಿ ಇನ್ನೂ ಜಾಸ್ತಿ, ಅದು ಬೇಡ. ಡಾಕ್ಟರ್ ವಿಟಮಿನ್ ಕೊಡುತ್ತಿರುವಾಗ ಲಿವರ್ ಕೂಡ ನಿಲ್ಲಿಸಿ. ಊಟವನ್ನು ನೀರಿನಲ್ಲೇ ಹಾಕಿ, ಈ ಜಾತಿ ನೆಲದ ಮೇಲೆ ನುಂಗಲಾರದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಗಳ ಮೈಯಲ್ಲಿ ನಮಗೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಕ್ಷತ್ರ ಆಮೆಗೆ ಲಿವರ್ ಲೆಕ್ಕ ಅನ್ವಯಿಸುವುದಿಲ್ಲ, ಅದು ಸಸ್ಯಾಹಾರಿ. ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ನಿಮ್ಮ ಮರಿ ಸೊಪ್ಪನ್ನು ಮೂಸಿಯೂ ನೋಡದಿದ್ದರೆ ಗಾಬರಿ ಬೇಡ. ಮರಿಗಳಿಗೆ ಮಾಂಸವೇ ಇಷ್ಟ, ಬೆಳೆದಂತೆ ಸೊಪ್ಪಿನ ಕಡೆ ತಿರುಗುತ್ತವೆ. ಸದ್ಯಕ್ಕೆ ಸಿಗಡಿ ಪುಡಿ ಮಾಡಿ, ಬೇಯಿಸಿದ ಸಿಹಿಗುಂಬಳದ ತುಂಡನ್ನು ಅದರಲ್ಲಿ ಹೊರಳಿಸಿ ಹಾಕಿ. ದಿನ ಕಳೆದಂತೆ ಪುಡಿ ಕಮ್ಮಿ ಮಾಡುತ್ತಾ ಬನ್ನಿ.