ಅಮೆರಿಕದ ರೇಡಿಯೊ ಡಿಸ್ಕ್ ಜಾಕಿಗಳು ಹಾಡು ಆರಿಸುವ ಅಧಿಕಾರವನ್ನು ಕಳೆದುಕೊಂಡದ್ದು ಏಕೆ?

ಪ್ರಮುಖ ಕಾರಣ ‘ಪೇಯೋಲಾ’, ಅಂದರೆ ತಮ್ಮ ಹಾಡನ್ನು ಮತ್ತೆ ಮತ್ತೆ ಹಾಕಲೆಂದು ರೆಕಾರ್ಡ್ ಕಂಪನಿಗಳು ಡಿಸ್ಕ್ ಜಾಕಿಗಳಿಗೆ ಗುಟ್ಟಾಗಿ ಕೊಡುತ್ತಿದ್ದ ಹಣ. 1950ರ ದಶಕದಲ್ಲಿ ಯಾವ ರೆಕಾರ್ಡು ತಿರುಗಬೇಕೆಂಬುದನ್ನು ಬಹುಮಟ್ಟಿಗೆ ಮೈಕಿನ ಮುಂದೆ ಕುಳಿತವನೇ ತೀರ್ಮಾನಿಸುತ್ತಿದ್ದುದರಿಂದ, ಅವನೊಬ್ಬನ ಕೈ ಬೆಚ್ಚಗೆ ಮಾಡಿದರೆ ಆ ಹಾಡು ಇಡೀ ನಗರಕ್ಕೆ ಕೇಳಿಸುತ್ತಿತ್ತು. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿ, 1960ರಲ್ಲಿ ಇಂಥ ಪಾವತಿಯನ್ನು ಅಪರಾಧವಾಗಿಸಿತು. ಕೇಳುಗರಿಗೆ ತಿಳಿಸಿ ಪಡೆದ ಹಣಕ್ಕೆ ಮಾತ್ರ, ವಿಚಿತ್ರವೆನಿಸಿದರೂ, ಅಡ್ಡಿಯಿರಲಿಲ್ಲ. ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದ ಡಿಸ್ಕ್ ಜಾಕಿ ಅಲನ್ ಫ್ರೀಡ್ 1959ರಲ್ಲಿ ನ್ಯೂಯಾರ್ಕಿನ ಕೆಲಸ ಕಳೆದುಕೊಂಡು, 1962ರಲ್ಲಿ ತಪ್ಪೊಪ್ಪಿಕೊಂಡರು. ದಂಡ ಕೇವಲ 300 ಡಾಲರ್, ಆದರೆ ಹಿಂದಿನ ಸ್ಥಾನ ಮರಳಿ ದೊರೆಯಲಿಲ್ಲ. ಪ್ರಸಾರದ ಪರವಾನಗಿಗೇ ಕುತ್ತು ಬಂದೀತೆಂದು ಹೆದರಿದ ಅನೇಕ ಮಾಲೀಕರು ಹಾಡುಗಳ ಪಟ್ಟಿಯನ್ನು ಕಾರ್ಯಕ್ರಮ ನಿರ್ದೇಶಕರ ಕೈಗೊಪ್ಪಿಸಿದರು.