ಮ್ಯಾಡ್ರಿಡ್‌ನಲ್ಲಿ ಎರಡೇ ರಾತ್ರಿ ಇದೆ, ಸಂಗೀತ ಕೇಳೋಕೆ ಎಲ್ಲಿಗೆ ಹೋಗಲಿ?

ಒಂದು ರಾತ್ರಿ ಊಟ ಸಮೇತ ಫ್ಲಮೆಂಕೊ (ಸ್ಪೇನಿನ ಹಾಡು, ಕುಣಿತ), ಇನ್ನೊಂದು ರಾತ್ರಿ ಏಳು ಮಹಡಿಯ ಡಿಸ್ಕೊ, ಬೆಳಗ್ಗೆ ಬೇಗ ಎದ್ದು ಪ್ರಾದೊ ಮ್ಯೂಸಿಯಂ. ನಿಮ್ಮ ಪಟ್ಟಿ ಓದುತ್ತಿದ್ದಂತೆ 2019ರ ಜೂನ್ ತಿಂಗಳು ಕಣ್ಣ ಮುಂದೆ ಬಂತು. ನನ್ನ ಪಟ್ಟಿಯೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಆಗ ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೆ. ಗುರುವಾರ ಸಂಜೆ ಮ್ಯಾಡ್ರಿಡ್‌ಗೆ ಹೋದೆ, ಭಾನುವಾರ ಬೆಳಗ್ಗೆ ವಾಪಸ್ ವಿಮಾನ. ಹೋಗಿದ್ದು ಒಬ್ಬ ಫ್ಲಮೆಂಕೊ ಹಾಡುಗಾರನಿಗಾಗಿ. ಆಫೀಸಿನಲ್ಲಿ ಜೊತೆಗಿದ್ದ ಸ್ಪೇನಿನ ಹುಡುಗಿ ಆತನ ಹಾಡು ಕೇಳಿಸಿದ್ದಳು. ಎರಡು ತಿಂಗಳು ಕೆಲಸಕ್ಕೆ ಹೋಗುವಾಗ ಟ್ರೇನಿನಲ್ಲಿ ಅದನ್ನೇ ಕೇಳಿದ್ದೆ. ಆತ ಮ್ಯಾಡ್ರಿಡ್‌ನ ಒಂದು ಸಣ್ಣ ಹಾಲ್‌ನಲ್ಲಿ ಹಾಡುತ್ತಾನೆ ಅಂತ ಗೊತ್ತಾದ ದಿನವೇ 18 ಯೂರೊ ಕೊಟ್ಟು ಟಿಕೆಟ್ ತಗೊಂಡೆ. ಟಿಕೆಟ್ ಮೇಲೆ ‘ಸಾಬಾದೊ, 00:30’ ಅಂತ ಇತ್ತು. ಸಾಬಾದೊ ಅಂದರೆ ಶನಿವಾರ.

ಶುಕ್ರವಾರ ಬೆಳಗ್ಗೆ ಪ್ರಾದೊ ನೋಡಿದೆ. ಮಧ್ಯಾಹ್ನವೆಲ್ಲಾ ಬಿಸಿಲಲ್ಲಿ ನಡೆದೆ. ರಾತ್ರಿ ಹತ್ತಕ್ಕೆ ರೂಮಿಗೆ ಬಂದಾಗ ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ನಾಳೆ ತಡವಾಗುತ್ತಲ್ಲ, ಇವತ್ತೇ ನಿದ್ದೆ ಮುಗಿಸಿಕೊಳ್ಳೋಣ ಅಂತ ಮಲಗಿಬಿಟ್ಟೆ.

ಶನಿವಾರ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹಾಲ್ ಬಾಗಿಲಿಗೆ ಹೋದೆ. ಅಲ್ಲಿದ್ದವನು ಟಿಕೆಟ್ ನೋಡಿದ. ನನ್ನ ಮುಖ ನೋಡಿದ. ಮೆಲ್ಲಗೆ ‘ಅನೋಚೆ’ ಅಂದ. ನಿನ್ನೆ ರಾತ್ರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದರಲ್ಲೇ ಸಿಕ್ಕಿಬೀಳಬಹುದು. ಗಡಿಯಾರದ ಲೆಕ್ಕದಲ್ಲಿ ಶುಕ್ರವಾರ ರಾತ್ರಿ ಹನ್ನೆರಡಾದ ಕೂಡಲೇ ಶನಿವಾರ ಶುರು. ಅಂದರೆ ಶನಿವಾರ 00:30 ಅನ್ನೋದು ಶನಿವಾರದ ಮೊದಲ ಅರ್ಧ ಗಂಟೆ ಕಳೆದ ಹೊತ್ತು. ಶುಕ್ರವಾರ ಊಟ ಮುಗಿಸಿ, ಮಲಗದೆ, ಹಾಗೇ ಎದ್ದು ಹೋಗಬೇಕಾದ ಹೊತ್ತು ಅದು. ನಾನು ಅದನ್ನು ಶನಿವಾರ ಹಗಲು ಕಳೆದು, ಆ ರಾತ್ರಿಯ ಹನ್ನೆರಡೂವರೆ ಅಂದುಕೊಂಡೆ. ಆ ಹೊತ್ತಿಗೆ ಟಿಕೆಟ್ ಲೆಕ್ಕದಲ್ಲಿ ಭಾನುವಾರ ಬಂದಿರುತ್ತದೆ.

ನಮ್ಮೂರು ಕುಂದಾಪುರದ ಹತ್ತಿರ. ಚಿಕ್ಕಂದಿನಿಂದ ರಾತ್ರಿಯಿಡೀ ಆಟ ನೋಡಿ ಬೆಳೆದವನು. ಯಕ್ಷಗಾನದ ಹ್ಯಾಂಡ್‌ಬಿಲ್‌ನಲ್ಲಿ ಶುಕ್ರವಾರ ರಾತ್ರಿ ಅಂತ ಇದ್ದರೆ ಬೆಳಗಿನ ಮಂಗಳದವರೆಗೆ ಅದು ಶುಕ್ರವಾರದ ಆಟವೇ. ಮೂರು ಗಂಟೆಗೆ ಬರುವ ಬಣ್ಣದ ವೇಷವನ್ನು ಯಾರೂ ಶನಿವಾರದ ವೇಷ ಅನ್ನೋದಿಲ್ಲ. ಪಂಚಾಂಗದಲ್ಲೂ ವಾರ ಬದಲಾಗೋದು ಸೂರ್ಯ ಹುಟ್ಟಿದ ಮೇಲೆ. ಆ ಲೆಕ್ಕ ನನ್ನ ತಲೆಯೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, ಬೇರೆ ಅರ್ಥ ಇರಬಹುದು ಅಂತ ಒಮ್ಮೆಯೂ ಅನ್ನಿಸಲಿಲ್ಲ. ಸ್ಪೇನಿನವರಿಗೂ ಆ ಹೊತ್ತಿಗೆ ಒಂದು ಬೇರೆ ಹೆಸರಿದೆ. ಮಧ್ಯರಾತ್ರಿಯಿಂದ ಬೆಳಕು ಹರಿಯುವವರೆಗಿನ ಹೊತ್ತನ್ನು ‘ಮದ್ರುಗಾದಾ’ ಅನ್ನುತ್ತಾರೆ. ಶನಿವಾರದ ಮದ್ರುಗಾದಾ ಅಂದರೆ ಶುಕ್ರವಾರ ರಾತ್ರಿ ಕಳೆದು ಬರುವ ಹೊತ್ತು. ಈ ಒಂದು ಪದ ಮೊದಲೇ ಗೊತ್ತಿದ್ದಿದ್ದರೆ ಸಾಕಿತ್ತು.

ಆತ ಹಾಡುತ್ತಿದ್ದಾಗ ನಾನು ಅಲ್ಲಿಂದ ನಾಲ್ಕು ನಿಮಿಷದ ದಾರಿಯಲ್ಲಿ, ಕಿಟಕಿ ಮುಚ್ಚಿಕೊಂಡು ಮಲಗಿದ್ದೆ. ದುಡ್ಡು ಹೋಗಿದ್ದಕ್ಕೆ ಬೇಜಾರಾಗಲಿಲ್ಲ. ಈ ನಾಲ್ಕು ನಿಮಿಷ ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಆ ರಾತ್ರಿ ರೂಮಿಗೆ ಹೋಗೋಕೆ ಮನಸ್ಸಾಗಲಿಲ್ಲ. ಮಲಸಾನ್ಯ ಅನ್ನೋ ಬಡಾವಣೆ ಕಡೆ ನಡೆದೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸತ್ತ ಮೇಲೆ ಇಲ್ಲಿನ ಹುಡುಗ ಹುಡುಗಿಯರು ಬೀದಿಗೆ ಬಂದು ಹಾಡು, ಬಟ್ಟೆ, ಸಿನಿಮಾ ಎಲ್ಲವನ್ನೂ ಹೊಸದಾಗಿ ಮಾಡಿಕೊಂಡ ಕಾಲವನ್ನು ‘ಮೊವಿದಾ’ ಅನ್ನುತ್ತಾರೆ. ಅದರ ನಡುಮನೆ ಈ ಮಲಸಾನ್ಯ. 1979ರಲ್ಲಿ ಶುರುವಾದ ಲಾ ವಿಯಾ ಲಾಕ್ತೆಯಾ ಅನ್ನೋ ಬಾರ್ ಅಲ್ಲಿ ಇನ್ನೂ ತುಂಬಿ ತುಳುಕುತ್ತಿತ್ತು. ಅದೇ ವರ್ಷ ತೆರೆದ ಸಂಗೀತದ ಹಾಲ್ ಸಾಲಾ ಎಲ್ ಸೋಲ್‌ಗೂ ಹೋದೆ, ಅದು ಗ್ರಾನ್ ವಿಯಾ ಅನ್ನೋ ದೊಡ್ಡ ರಸ್ತೆಯ ಹತ್ತಿರ ಒಂದು ಸಣ್ಣ ಬೀದಿಯಲ್ಲಿ ನೆಲಮಾಳಿಗೆಯಲ್ಲಿದೆ. ಬ್ಯಾಂಡ್ ಆಗಲೇ ಮುಗಿದಿತ್ತು. ಜನ ಕುಣಿಯುತ್ತಿದ್ದರು. ಇದೂ ತಿಳಿದಿರಲಿ: ಅಲ್ಲಿ ಎಷ್ಟೋ ಹಾಲ್‌ಗಳಲ್ಲಿ ಸಂಗೀತ ಕಛೇರಿ ರಾತ್ರಿ ಒಂಬತ್ತು, ಹತ್ತಕ್ಕೆ ಇರುತ್ತದೆ. ಅದು ಮುಗಿದ ಮೇಲೆ ಅದೇ ಜಾಗ ಬೆಳಗಿನವರೆಗೆ ಕುಣಿಯುವ ಕ್ಲಬ್ ಆಗುತ್ತದೆ. ಒಂದೇ ವಿಳಾಸ, ಎರಡು ಕಾರ್ಯಕ್ರಮ. ಒಂದು ಗಂಟೆಗೆ ಹೋದರೆ ಬ್ಯಾಂಡ್ ಸಿಗೋದಿಲ್ಲ, ಒಂಬತ್ತಕ್ಕೆ ಹೋದರೆ ಕುಣಿಯೋರು ಸಿಗೋದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಫ್ಲಮೆಂಕೊನಾ ಡಿಸ್ಕೊನಾ ಅನ್ನೋದಕ್ಕಿಂತ ಮೊದಲು ನಿಮ್ಮ ಬೆಳಗ್ಗೆಯನ್ನು ತೆಗೆದುಹಾಕಿ. ಪ್ರಾದೊಗೆ ಬೆಳಗ್ಗೆಯೇ ಓಡಬೇಕಾಗಿಲ್ಲ. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರವರೆಗೆ ಅಲ್ಲಿ ಪ್ರವೇಶ ಉಚಿತ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ, ಎದ್ದು ಅಲ್ಲಿಗೆ ಹೋಗಿ. ಆಮೇಲೆ ಊಟ. ಆ ಊರಲ್ಲಿ ರಾತ್ರಿ ಊಟ ಒಂಬತ್ತೂವರೆ, ಹತ್ತಕ್ಕೆ. ಅದಕ್ಕೆ ಕಾರಣವೂ ಇದೆ. 1940ರಲ್ಲಿ ಸ್ಪೇನ್ ತನ್ನ ಗಡಿಯಾರವನ್ನು ಜರ್ಮನಿಯ ಹೊತ್ತಿಗೆ ಸೇರಿಸಿತು, ಆಮೇಲೆ ಹಿಂದಕ್ಕೆ ತರಲೇ ಇಲ್ಲ. ಮ್ಯಾಡ್ರಿಡ್ ಇರೋದು ಲಂಡನ್‌ಗಿಂತಲೂ ಪಶ್ಚಿಮಕ್ಕೆ. ಹಾಗಾಗಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗೋದು ಒಂಬತ್ತೂ ಮುಕ್ಕಾಲಿನ ಹೊತ್ತಿಗೆ. ಬೆಳಕಿರುವಾಗ ಯಾರು ಊಟಕ್ಕೆ ಕೂರುತ್ತಾರೆ ಹೇಳಿ.

ಊಟ ಸಮೇತ ಫ್ಲಮೆಂಕೊ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಕೊರ್ರಾಲ್ ದೆ ಲಾ ಮೊರೆರಿಯಾ 1956ರಿಂದ ನಡೆಯುತ್ತಿರುವ ದೊಡ್ಡ ಹೆಸರಿನ ತಬ್ಲಾವೊ. ತಬ್ಲಾವೊ ಅಂದರೆ ಹಲಗೆಯ ರಂಗ. ಅಲ್ಲಿಗೇ ಹೋಗಿ, ಬೇಡ ಅನ್ನೋದಿಲ್ಲ. ಆದರೆ ಹೊರಗೆ ಉಂಡು ಹೋಗಿ. ಒಂದು ಲೋಟ ಏನಾದರೂ ತಗೊಂಡು ಎರಡನೇ ಪ್ರದರ್ಶನಕ್ಕೆ ಕೂತ್ಕೊಳ್ಳಿ. 2023ರಲ್ಲಿ ನಾನು ಮತ್ತೆ ಹೋದಾಗ ಹಾಗೇ ಮಾಡಿದೆ. ಹಾಡುಗಾರ ಉಸಿರು ಹಿಡಿದು ಒಂದು ಸ್ವರ ಎಳೆಯುವಾಗ ನಿಮ್ಮ ಕೈಯಲ್ಲಿ ಚಾಕು, ಫೋರ್ಕ್ ಇರಬಾರದು. ನರ್ತಕಿಯ ಹಿಮ್ಮಡಿ ಹಲಗೆಗೆ ಬಡಿದರೆ ಅದು ನಿಮ್ಮ ಕುರ್ಚಿಯ ಕಾಲಿಗೆ ತಾಗುತ್ತದೆ. ತಟ್ಟೆ ನೋಡುತ್ತಾ ಕೂತರೆ ಅದು ಗೊತ್ತಾಗೋದೇ ಇಲ್ಲ.

ಏಳು ಮಹಡಿಯ ಡಿಸ್ಕೊ ಬಗ್ಗೆ ಹೆಚ್ಚು ಹೇಳೋದಿಲ್ಲ. ಸಂಗೀತ ಅಂತ ಕೇಳಿದ್ದೀರಿ, ಅದಕ್ಕೆ ಅಲ್ಲಿಗೆ ಹೋಗಬೇಕಾಗಿಲ್ಲ. ಆ ರಾತ್ರಿ ಸಾಲಾ ಎಲ್ ಸೋಲ್, ಕ್ಲಾಮೋರೆಸ್, ಕಫೇ ಬರ್ಲಿನ್ ಇವುಗಳಲ್ಲಿ ಯಾರು ನುಡಿಸುತ್ತಿದ್ದಾರೆ ನೋಡಿ. ಜಾಗ ಹುಡುಕಬೇಡಿ, ನುಡಿಸುವವರನ್ನು ಹುಡುಕಿ. ಹಳೇ ಪಟ್ಟಿಗಳನ್ನು ನಂಬಬೇಡಿ. ಎಲ್ಲರೂ ಹೇಳುತ್ತಿದ್ದ ಕಾಸಾ ಪಾತಾಸ್ ಅನ್ನೋ ತಬ್ಲಾವೊ 2020ರಲ್ಲಿ ಮುಚ್ಚಿಹೋಯಿತು.

ವಾಪಸ್ ಬರೋದು ಹೇಗೆ ಅಂತ ಹೆದರಬೇಡಿ. ಮೆಟ್ರೊ ನಿಂತ ಮೇಲೆ ಸಿಬೆಲೆಸ್ ಚೌಕದಿಂದ ರಾತ್ರಿ ಬಸ್ಸುಗಳು ಹೊರಡುತ್ತವೆ. ಅವಕ್ಕೆ ‘ಬೂಹೊ’ ಅಂತ ಹೆಸರು, ಅಂದರೆ ಗೂಬೆ. ಬೆಳಗಿನ ಜಾವ ಹಸಿವಾದರೆ 1894ರಿಂದ ಇರುವ ಚಾಕೊಲೇಟ್ ಅಂಗಡಿ ಸಾನ್ ಹಿನೆಸ್‌ಗೆ ಹೋಗಿ. ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಬಿಸಿ ಚುರ್ರೊವನ್ನು ಗಟ್ಟಿ ಚಾಕೊಲೇಟ್‌ನಲ್ಲಿ ಅದ್ದಿ ತಿನ್ನೋದು. ಆ ಶನಿವಾರ ರಾತ್ರಿ ಕಳೆದು ಬೆಳಗಿನ ನಾಲ್ಕು ಗಂಟೆಗೆ ನಾನು ಅಲ್ಲಿ ಕೂತಿದ್ದೆ, ಟಿಕೆಟ್ ಇನ್ನೂ ಜೇಬಿನಲ್ಲಿತ್ತು. ಆ ಹಾಡುಗಾರನನ್ನು ಎದುರಿಗೆ ಕೂತು ಕೇಳುವ ಅವಕಾಶ ಆಮೇಲೆ ನನಗೆ ಸಿಕ್ಕಿಲ್ಲ.

ಟಿಕೆಟ್ ತಗೊಂಡ ಮೇಲೆ ಅದರಲ್ಲಿ ಇರುವ ವಾರ, ಗಂಟೆ ಹಾಗೇ ಇಲ್ಲಿ ಕೆಳಗೆ ಬರೆಯಿರಿ. ಯಾವ ರಾತ್ರಿ ಹೊರಡಬೇಕು ಅಂತ ನಾನು ನೋಡಿ ಹೇಳುತ್ತೇನೆ.